ಹೊಸ ಇಂಪೋರ್ಟೆಡ್ ಏರ್ ರೈಫಲ್: ಎರಡು ಕಡೆ ಗ್ರೂಪ್ ಬೀಳುತ್ತಿದೆ, ಯಾಕೆ?

ಮೈಸೂರು_ಅಪ್ಪ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು 10 ಮೀಟರ್ ಏರ್ ರೈಫಲ್ ಶೂಟಿಂಗ್ ಕಲಿಯುತ್ತಿದ್ದಾಳೆ. ಹತ್ತನೇ ಕ್ಲಾಸು. ಇಷ್ಟು ದಿನ ಕ್ಲಬ್ಬಿನ ಹಳೇ ರೈಫಲ್‌ನಲ್ಲೇ ಅಭ್ಯಾಸ. ಈಗ ಜರ್ಮನಿಯಿಂದ ತರಿಸಿದ ಪಿಸಿಪಿ (ಸಿಲಿಂಡರಿನಲ್ಲಿ ಒತ್ತಿ ತುಂಬಿಸಿದ ಗಾಳಿಯಿಂದ ಗುಂಡು ಹಾರಿಸುವ) ಮ್ಯಾಚ್ ರೈಫಲ್ ಕೈಗೆ ಬಂದಿದೆ. ದುಡ್ಡು ಹೊಂದಿಸಲು ಒಡವೆ ಅಡ ಇಟ್ಟಿದ್ದೇವೆ. ಹಾಗಾಗಿ ಗಾಬರಿಯಲ್ಲೇ ಬರೆಯುತ್ತಿದ್ದೇನೆ.

ರೇಂಜ್‌ನಲ್ಲಿ ಮೊದಲ ಸಲ ಹೊಡೆದಾಗಲೇ ತೊಂದರೆ ಕಾಣಿಸಿತು. ಗುಂಡುಗಳು ಚೆಲ್ಲಾಪಿಲ್ಲಿಯಾಗಿ ಬೀಳುತ್ತಿಲ್ಲ, ಎರಡು ಗುಂಪಾಗಿ ಬೀಳುತ್ತಿವೆ. ಒಂದು ಗ್ರೂಪ್ ಸರಿಯಾಗಿ ಟಾರ್ಗೆಟ್‌ನ ನಡುವಿನ ಹತ್ತರ ಮೇಲೆ. ಇನ್ನೊಂದು ಎಡಕ್ಕೆ ಸುಮಾರು 8 ಮಿ.ಮೀ. ದೂರ, ಅಂದರೆ ಏಳರಲ್ಲಿ. ಎತ್ತರದಲ್ಲಿ ವ್ಯತ್ಯಾಸವೇ ಇಲ್ಲ. ಸಿಲಿಂಡರ್ 180 ಬಾರ್ ತೋರಿಸುತ್ತಿದೆ. ಪೆಲೆಟ್ (ಗುಂಡು) ಆರ್10 ಅನ್ನುವ ಮಾದರಿ, ಹೆಡ್ ಸೈಜ್ ಅಂದರೆ ತಲೆಯ ಅಗಲ 4.49 ಮಿ.ಮೀ. ಕ್ಲಬ್ ರೈಫಲ್ ಹಿಡಿದರೆ ಒಂದೇ ಗ್ರೂಪ್ ಬರುತ್ತದೆ. "ಅಪ್ಪಾ, ನನ್ನ ಕೈಯೇ ಸರಿ ಇಲ್ಲ" ಅಂತ ಮಗಳು ಮುಖ ಸಣ್ಣ ಮಾಡಿಕೊಂಡು ಕೂತಿದ್ದಾಳೆ. ರೈಫಲ್ ವಾಪಸ್ ಕಳಿಸಬೇಕಾ?

ವಿದ್ಯಾ_ಬೆಂಗಳೂರು

ಸರ್, ವಾಪಸ್ ಕಳಿಸುವ ಮಾತು ಈಗಲೇ ಬೇಡ. ಮೊದಲು ಪೆಲೆಟ್ ಬದಲಾಯಿಸಿ ನೋಡಿ. ಒಂದೊಂದು ಬ್ಯಾರೆಲ್‌ಗೆ ಒಂದೊಂದು ಪೆಲೆಟ್ ಒಗ್ಗುತ್ತದೆ. 4.48ರಿಂದ 4.51ರವರೆಗೆ ಹೆಡ್ ಸೈಜ್ ಸಿಗುತ್ತವೆ. ಒಂದೇ ಸೈಜ್‌ನಲ್ಲೂ ಬ್ಯಾಚ್ ಬೇರೆಯಾದರೆ ಗ್ರೂಪ್ ಬದಲಾಗುವುದುಂಟು. ನನ್ನ ರೈಫಲ್‌ಗೆ 4.50 ಹಾಕಿದ ಮೇಲೆ ಗ್ರೂಪ್ ಚಿಕ್ಕದಾಯಿತು.

ಗುರಿ_ಮೇಷ್ಟ್ರು

ವಿದ್ಯಾ, ನೀನು ಹೇಳಿದ್ದು ನಿಜ, ಆದರೆ ಇಲ್ಲಿಗೆ ಅದು ಹೊಂದುವುದಿಲ್ಲ ಕಣಮ್ಮ. ಪೆಲೆಟ್ ಒಗ್ಗದಿದ್ದರೆ ಗ್ರೂಪ್ ಅಗಲವಾಗುತ್ತದೆ. ಹೀಗೆ ಚೊಕ್ಕವಾಗಿ ಎರಡಾಗಿ ಒಡೆಯುವುದು ತೀರಾ ಅಪರೂಪ. ಗಾಳಿಯ ಒತ್ತಡ ಏರುಪೇರಾದರೆ ಗುಂಡು ಮೇಲೆ ಕೆಳಗೆ ಆಗುತ್ತದೆ. ಇಲ್ಲಿ ಎತ್ತರ ಸರಿಯಾಗಿದೆ, ಬರೀ ಅಡ್ಡಕ್ಕೆ ಸರಿಯುತ್ತಿದೆ. ಹಾಗಾದರೆ ಒಂದೋ ಸೈಟ್ (ಗುರಿ ನೋಡುವ ಭಾಗ) ಕದಲುತ್ತಿದೆ, ಇಲ್ಲ ಕೆನ್ನೆ ಒಂದೊಂದು ಸಲ ಒಂದೊಂದು ಕಡೆ ಕೂರುತ್ತಿದೆ, ಇಲ್ಲ ರೈಫಲ್ ಓರೆಯಾಗುತ್ತಿದೆ.

ಮೈಸೂರಿನವರೇ, ದಯವಿಟ್ಟು ಈಗಲೇ ಮಗುವಿನ ಪೊಸಿಷನ್ ತಿದ್ದಲು ಹೋಗಬೇಡಿ. ರೈಫಲ್ ಸರಿ ಇದೆ ಎಂದು ಗೊತ್ತಾಗುವ ಮುಂಚೆ ತಿದ್ದಿದರೆ ಸರಿ ಇದ್ದದ್ದೂ ಕೆಡುತ್ತದೆ. ಇಂಥ ಮಕ್ಕಳನ್ನು ರೇಂಜ್‌ನಲ್ಲಿ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಮೊದಲು ಒಂದು ಟೇಬಲ್ ಮೇಲೆ ಮರಳಿನ ಚೀಲ ಇಟ್ಟು, ಸ್ಟಾಕ್‌ನ ಮುಂಭಾಗವನ್ನು ಅದರ ಮೇಲೆ ಕೂರಿಸಿ. ಬ್ಯಾರೆಲ್ಲಾಗಲಿ ಸಿಲಿಂಡರ್ ಆಗಲಿ ಚೀಲಕ್ಕೆ ತಾಗಬಾರದು. ಒಂದೇ ಪೇಪರ್ ಕಾರ್ಡಿಗೆ ಐದು ಗುಂಡು ಹೊಡೆಯಿರಿ. ಇಂಥ ರೈಫಲ್‌ಗಳ ಜೊತೆ ಫ್ಯಾಕ್ಟರಿಯಲ್ಲಿ ಹೊಡೆದ ಟೆಸ್ಟ್ ಕಾರ್ಡ್ ಸಾಮಾನ್ಯವಾಗಿ ಬಂದಿರುತ್ತದೆ. ಅದರ ಪಕ್ಕ ಇಟ್ಟು ನೋಡಿ.

ಮೈಸೂರು_ಅಪ್ಪ

ಮೇಷ್ಟ್ರೇ, ನೀವು ಹೇಳಿದ ಹಾಗೇ ಮಾಡಿದೆವು. ಐದೂ ಗುಂಡು ಒಂದೇ ತೂತು! ಫ್ಯಾಕ್ಟರಿ ಕಾರ್ಡಿಗೂ ನಮ್ಮ ಕಾರ್ಡಿಗೂ ವ್ಯತ್ಯಾಸವೇ ಕಾಣಲಿಲ್ಲ. ಖುಷಿಯೂ ಆಯಿತು, ಬೇಜಾರೂ ಆಯಿತು. ರೈಫಲ್ ಸರಿ ಇದ್ದರೆ ತಪ್ಪು ಮಗಳದ್ದೇ ಅಂತಾಯಿತಲ್ಲ?

ಕೊಡಗಿನ_ಕೋವಿ

ಅಣ್ಣ, ಹಾಗಾದರೆ ಕೆನ್ನೆಯ ವಿಷಯವೇ ಇರಬೇಕು. ನಮ್ಮಲ್ಲಿ ಕೈಲ್ ಪೊಳ್ದ್ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದಲ್ಲ, ಆಗಲೂ ಬೇರೆಯವರ ಕೋವಿ ಹಿಡಿದರೆ ಕೆನ್ನೆ ಸರಿಯಾಗಿ ಕೂರುವುದಿಲ್ಲ. ಚೀಕ್‌ಪೀಸ್ (ಕೆನ್ನೆ ಒರಗಿಸುವ ಭಾಗ) ಸ್ವಲ್ಪ ಎತ್ತರಿಸಿ ನೋಡಿ.

ಗುರಿ_ಮೇಷ್ಟ್ರು

ಸ್ವಲ್ಪ ತಡೆಯಿರಿ. ಟೇಬಲ್ ಮೇಲೆ ರೈಫಲ್ ಇಟ್ಟ ಜಾಗದಿಂದ ಅಲುಗಾಡಿಲ್ಲ. ನಿಂತು ಹೊಡೆಯುವಾಗ ಮಗು ಅದನ್ನು ಎತ್ತುತ್ತಾಳೆ, ಇಳಿಸುತ್ತಾಳೆ, ಸ್ಟ್ಯಾಂಡ್ ಮೇಲೆ ಇಡುತ್ತಾಳೆ. ಆ ಪರೀಕ್ಷೆ ಇನ್ನೂ ಆಗಿಲ್ಲ.

ಈಗ ಒಂದು ಕಾರ್ಡಿಗೆ ಒಂದೇ ಗುಂಡು ಹೊಡೆಸಿ. ಪ್ರತಿ ಕಾರ್ಡಿನ ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ. ಅವಳು ರೈಫಲ್ ಪೂರ್ತಿ ಕೆಳಗಿಟ್ಟು ಸುಧಾರಿಸಿಕೊಂಡಾಗಲೆಲ್ಲ ಮುಂದಿನ ಕಾರ್ಡಿಗೆ ಒಂದು ಗೀಟು ಹಾಕಿ. ಯಾವ ಗುಂಡು ಎಲ್ಲಿ ಬಿತ್ತು ಅನ್ನುವುದರ ಜೊತೆಗೆ ಯಾವಾಗ ಬಿತ್ತು ಎಂಬುದು ನಮಗೆ ಬೇಕು. ಕೆನ್ನೆಯ ತಪ್ಪಾದರೆ ಎರಡು ಜಾಗದ ಗುಂಡುಗಳು ಕಲಸಿಕೊಂಡು ಬರುತ್ತವೆ. ಸೈಟ್ ಕದಲುತ್ತಿದ್ದರೆ ಸಾಲಾಗಿ ಒಂದು ಕಡೆ ಬಿದ್ದು, ಆಮೇಲೆ ಸಾಲಾಗಿ ಇನ್ನೊಂದು ಕಡೆ ಬೀಳುತ್ತವೆ.

ಮೈಸೂರು_ಅಪ್ಪ

ಮೇಷ್ಟ್ರೇ, ನಿಮ್ಮ ಮಾತು ಅಕ್ಷರಶಃ ನಿಜವಾಯಿತು. ಕಾರ್ಡ್ 1ರಿಂದ 6 ಹತ್ತರ ಮೇಲೆ. ನೀರು ಕುಡಿಯಲು ರೈಫಲ್ ಸ್ಟ್ಯಾಂಡ್ ಮೇಲಿಟ್ಟಳು. 7ರಿಂದ 13 ಎಲ್ಲವೂ ಎಡಕ್ಕೆ. ಮತ್ತೆ ಇಟ್ಟಳು. 14ರಿಂದ ಪುನಃ ಹತ್ತಕ್ಕೆ ಬಂತು. ಕ್ಲಬ್ ರೈಫಲ್‌ಗಿಂತ ಇದರ ಮುಂದಿನ ಟ್ಯೂಬ್ ಉದ್ದ ಜಾಸ್ತಿ. ಪೂರ್ತಿ ಇಳಿಸಿದಾಗ ಆ ಟ್ಯೂಬ್ ಹೋಗಿ ಸ್ಟ್ಯಾಂಡಿನ ಕವಲಿಗೆ ಒರಗುತ್ತಿತ್ತು.

ಗುರಿ_ಮೇಷ್ಟ್ರು

ಸಿಕ್ಕಿತು. ಬ್ಯಾರೆಲ್ ತುದಿಗೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬ್ ಅದು, ಫ್ರಂಟ್ ಸೈಟ್ ಕೂತಿರುವುದೇ ಅದರ ಮೇಲೆ. ಪ್ರಯಾಣದಲ್ಲಿ ಅಲುಗಾಡಿ ಅದರ ಕ್ಲಾಂಪ್ ಸ್ಕ್ರೂ ಸಡಿಲವಾಗಿರುತ್ತದೆ. ಸ್ಟ್ಯಾಂಡಿಗೆ ಒರಗಿದಾಗ ಟ್ಯೂಬ್ ಕೂದಲೆಳೆಯಷ್ಟು ತಿರುಗುತ್ತದೆ.

ಲೆಕ್ಕ ನೋಡಿ. ಹಿಂದಿನ ಡಯಾಪ್ಟರ್‌ಗೂ (ಕಣ್ಣಿಟ್ಟು ನೋಡುವ ಸಣ್ಣ ತೂತಿನ ಸೈಟ್) ಮುಂದಿನ ಸೈಟ್‌ಗೂ ನಡುವೆ 75 ಸೆಂ.ಮೀ. ಇದೆ ಎಂದುಕೊಳ್ಳಿ. ಮುಂದಿನ ಸೈಟ್ ಬರೀ 0.6 ಮಿ.ಮೀ. ಬಲಕ್ಕೆ ಸರಿದರೆ ಸಾಕು, 10 ಮೀಟರ್‌ನಲ್ಲಿ ಗುಂಡು 8 ಮಿ.ಮೀ. ಎಡಕ್ಕೆ ಬೀಳುತ್ತದೆ. ಸೈಟ್ ಬ್ಯಾರೆಲ್ ನಡುವಿನಿಂದ 4 ಸೆಂ.ಮೀ. ಮೇಲಿದ್ದರೆ ಟ್ಯೂಬ್ ತಿರುಗಿದ್ದು ಒಂದು ಡಿಗ್ರಿಗಿಂತಲೂ ಕಡಿಮೆ. ಕಣ್ಣಿಗೆ ಎಲ್ಲಿ ಕಾಣುತ್ತದೆ? ಮಗು ನೋಡಿದಾಗ ಮುಂದಿನ ಸೈಟಿನ ರಿಂಗಿನ ಒಳಗೆ ಟಾರ್ಗೆಟ್‌ನ ಕಪ್ಪು ವೃತ್ತ ಸರಿಯಾಗಿಯೇ ಕೂತಿರುತ್ತದೆ. ಅವಳು ಸರಿಯಾಗಿ ಗುರಿ ಹಿಡಿದು ಸರಿಯಾಗಿ ಟ್ರಿಗರ್ ಒತ್ತಿದ್ದಾಳೆ. ಇದನ್ನು ಇವತ್ತೇ ಅವಳಿಗೆ ಹೇಳಿ.

ರಿಪೇರಿ ಸುಲಭ. ರೈಫಲ್ ಖಾಲಿ ಇದೆಯಾ ನೋಡಿ, ಸಿಲಿಂಡರ್ ಬಿಚ್ಚಿಡಿ. ಟ್ಯೂಬ್ ತೆಗೆದು, ಅದು ಕೂರುವ ಜಾಗದ ಎಣ್ಣೆ ಜಿಡ್ಡನ್ನು ಒಣ ಬಟ್ಟೆಯಲ್ಲಿ ಒರೆಸಿ. ವಾಪಸ್ ಕೂರಿಸಿ, ಸೈಟ್ ನೆಟ್ಟಗಿದೆಯಾ ನೋಡಿ, ರೈಫಲ್ ಜೊತೆ ಬಂದ ಅಲೆನ್ ಕೀಯಿಂದ ಸ್ಕ್ರೂ ಬಿಗಿಮಾಡಿ. ಕೀಯ ಚಿಕ್ಕ ತುದಿ ಹಿಡಿದು ತಿರುಗಿಸಿದರೆ ಸಾಕು, ಜೋರು ಮಾಡಿದರೆ ಥ್ರೆಡ್ ಹೋಗುತ್ತದೆ. ಆಮೇಲೆ ಟ್ಯೂಬ್ ಮತ್ತು ಬ್ಯಾರೆಲ್ ಸೇರುವಲ್ಲಿ ಎರಡರ ಮೇಲೂ ಹಾಯುವಂತೆ ಬಿಳಿ ನೇಲ್ ಪಾಲಿಶ್‌ನಲ್ಲಿ ತೆಳ್ಳಗೆ ಒಂದು ಗೆರೆ ಎಳೆಯಿರಿ. ಗೆರೆ ಮುರಿದು ಕಂಡರೆ ಟ್ಯೂಬ್ ತಿರುಗಿದೆ ಎಂದೇ ಲೆಕ್ಕ. ಡಯಾಪ್ಟರ್ ಸ್ಕ್ರೂಗಳನ್ನೂ ಒಮ್ಮೆ ನೋಡಿಬಿಡಿ. ಸ್ಟ್ಯಾಂಡಿನ ಎತ್ತರ ಬದಲಾಯಿಸಿ, ಸ್ಟಾಕ್ ಮಾತ್ರ ಅದರ ಮೇಲೆ ಕೂರಲಿ.

2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ಗೆ ಮುಂಚೆ ಅಭಿನವ್ ಬಿಂದ್ರಾ ಅವರ ಸೈಟಿಂಗ್ ಶಾಟ್ (ಲೆಕ್ಕಕ್ಕಿಲ್ಲದ ಪರೀಕ್ಷಾ ಗುಂಡು) ನಾಲ್ಕಕ್ಕೆ ಬಿದ್ದಿತ್ತು. ಅವರು ತಮ್ಮ ಕೈಯನ್ನು ಅನುಮಾನಿಸಲಿಲ್ಲ. ಸೈಟ್ ಸರಿಮಾಡಿಕೊಂಡು ಹೊಡೆದರು, ಚಿನ್ನ ಗೆದ್ದರು. ನಿಮ್ಮ ಮಗಳಿಗೆ ಇದನ್ನೂ ಹೇಳಿ.

ಮೈಸೂರು_ಅಪ್ಪ

ಸ್ಕ್ರೂ ನಿಜಕ್ಕೂ ಸಡಿಲವಾಗಿತ್ತು. ಒರೆಸಿದ ಬಟ್ಟೆಯಲ್ಲಿ ಹಳದಿ ಜಿಡ್ಡು ಬಂತು. ಬಿಗಿಮಾಡಿದ ಮೇಲೆ ಬೇಕಂತಲೇ ಮತ್ತೆ ಮತ್ತೆ ಸ್ಟ್ಯಾಂಡ್ ಮೇಲೆ ಇಟ್ಟು ಎತ್ತಿ ಹೊಡೆಸಿದೆ. ಒಂದೇ ಗ್ರೂಪ್, ಗೆರೆಯೂ ಹಾಗೇ ಇದೆ. ಆದರೆ ಪೂರ್ತಿ ಗ್ರೂಪ್ ಈಗ ಸ್ವಲ್ಪ ಬಲಕ್ಕಿದೆ. ಡಯಾಪ್ಟರ್ ಮೇಲೆ "ಆರ್" ಎಂದು ಬಾಣದ ಗುರುತಿದೆ. ಯಾವ ಕಡೆ ತಿರುಗಿಸಬೇಕು?

ವಿದ್ಯಾ_ಬೆಂಗಳೂರು

ವಾವ್, ತುಂಬಾ ಖುಷಿಯಾಯಿತು! ಜರ್ಮನ್ ಡಯಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಗುಂಡು ಬಲಕ್ಕೆ ಬಿದ್ದರೆ "ಆರ್" ಕಡೆಗೇ ತಿರುಗಿಸಬೇಕು ಸರ್. ಮೇಲೆ ಬಿದ್ದರೆ "ಎಚ್" (ಜರ್ಮನ್‌ನಲ್ಲಿ ಹೋಖ್, ಅಂದರೆ ಮೇಲೆ) ಕಡೆಗೆ. ಆ ಅಕ್ಷರ ಹೇಳುವುದು ಗುಂಡು ಬಿದ್ದ ಕಡೆಯನ್ನು. ಕೈಪಿಡಿಯಲ್ಲೂ ಒಮ್ಮೆ ನೋಡಿಕೊಳ್ಳಿ. ನಾಲ್ಕು ಕ್ಲಿಕ್ ತಿರುಗಿಸಿ, ಒಂದು ಗ್ರೂಪ್ ಹೊಡೆದು, ಆಮೇಲೆ ಮುಂದುವರಿಸಿ.

ಹಾಸನ_ಹೊಸಬ

ಮಧ್ಯೆ ಬಂದೆ, ಕ್ಷಮಿಸಿ. ಇಂಥ ರೈಫಲ್‌ಗೆ ಲೈಸೆನ್ಸ್ ಬೇಕಾ?

ಗುರಿ_ಮೇಷ್ಟ್ರು

2016ರ ಆರ್ಮ್ಸ್ ರೂಲ್ಸ್ ಪ್ರಕಾರ ಕ್ಯಾಲಿಬರ್ 0.177 ಇಂಚು ಅಂದರೆ 4.5 ಮಿ.ಮೀ. ಮೀರದೆ, ಶಕ್ತಿ 20 ಜೂಲ್ ಒಳಗಿದ್ದರೆ ಲೈಸೆನ್ಸ್ ಬೇಡ. ಮ್ಯಾಚ್ ಏರ್ ರೈಫಲ್ ಸುಮಾರು 8 ಜೂಲ್ ಅಷ್ಟೇ. ಬಿಲ್ ಮಾತ್ರ ಜೋಪಾನವಾಗಿಡಿ.

ಮೈಸೂರಿನವರೇ, ಕೊನೆಗೆ ಸಿಲಿಂಡರ್ ಬಗ್ಗೆ ಒಂದು ಮಾತು. ತುಂಬಿಸುವಾಗ ನಿಧಾನಕ್ಕೆ ತುಂಬಿಸಿ. ಬೇಗ ತುಂಬಿದರೆ ಬಿಸಿಯಾಗಿ 200 ಬಾರ್ ತೋರಿಸುತ್ತದೆ, ತಣ್ಣಗಾದ ಮೇಲೆ ಇಳಿದುಬಿಡುತ್ತದೆ. ಒಣ ಗಾಳಿ ಮಾತ್ರ ಹಾಕಿಸಿ. ಆಕ್ಸಿಜನ್ ಯಾವ ಕಾರಣಕ್ಕೂ ಬೇಡ, ಅದು ಸ್ಫೋಟವಾಗುತ್ತದೆ. ವಾಲ್ವ್‌ಗೆ ಎಣ್ಣೆಯನ್ನೂ ಬಿಡಬೇಡಿ. ಸಿಲಿಂಡರ್ ಮೇಲೆ ತಯಾರಾದ ತಿಂಗಳು, ವರ್ಷ ಕೊರೆದಿರುತ್ತಾರೆ. ಸಾಮಾನ್ಯವಾಗಿ ಅಲ್ಲಿಂದ 10 ವರ್ಷ ಮಾತ್ರ ಅದನ್ನು ಬಳಸಬಹುದು. ಈಗಲೇ ಆ ತಾರೀಖು ಬರೆದಿಟ್ಟುಕೊಳ್ಳಿ.