ಸಹಾಯ ಬೇಕು: ಪಿ0171 ಕೋಡ್, ಸೆನ್ಸರ್ ಹೋಗಿದೆಯಾ, ಗಾಳಿ ಲೀಕಾ?

ತುಮಕೂರಿನವರು ಯಾರಾದರೂ ಇದ್ದೀರಾ? ನಮ್ಮ ಹಳೇ ಪೆಟ್ರೋಲ್ ಕಾರಿಗೆ ಚೆಕ್ ಎಂಜಿನ್ ಲೈಟ್ ಬಂದಿದೆ. ಸ್ಕ್ಯಾನರ್ ಹಾಕಿದರೆ ಪಿ0171. ಅಂದರೆ ಮಿಕ್ಸ್ಚರ್ ಲೀನ್, ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ.

ಶಿರಾ ಗೇಟ್ ಸಿಗ್ನಲ್‌ನಲ್ಲಿ ನಿಂತರೆ ಗಡಗಡ ನಡುಗುತ್ತದೆ. ದೇವರಾಯನದುರ್ಗದ ಏರು ಮಾತ್ರ ಆರಾಮಾಗಿ ಹತ್ತುತ್ತದೆ! ಐಡ್ಲಿಂಗ್‌ನಲ್ಲಿ ಫ್ಯುಯೆಲ್ ಟ್ರಿಮ್ (ಮಿಕ್ಸ್ಚರ್ ಸರಿಮಾಡಲು ಕಾರಿನ ಕಂಪ್ಯೂಟರ್ ಹೆಚ್ಚು-ಕಮ್ಮಿ ಮಾಡುವ ಪೆಟ್ರೋಲ್), ತಕ್ಷಣದ ಶಾರ್ಟ್, ದೀರ್ಘಾವಧಿಯ ಲಾಂಗ್ ಎರಡೂ ಸೇರಿ, +22%. 2500 ಆರ್‌ಪಿಎಂಗೆ ಏರಿಸಿದರೆ +5ಕ್ಕೆ ಇಳಿಯುತ್ತದೆ. ಏರ್ ಫ್ಲೋ ಸೆನ್ಸರ್ ಅಥವಾ ಪೆಟ್ರೋಲ್ ಪಂಪ್ ತೊಂದರೆ ಆಗಿದ್ದರೆ ರೇಸ್ ಕೊಟ್ಟಾಗ ಇನ್ನೂ ಜಾಸ್ತಿ ಆಗಬೇಕಿತ್ತು ಅಲ್ವಾ?

ಮೆಕ್ಯಾನಿಕ್ ಬಾನೆಟ್ ತೆಗೆಯುವ ಮುಂಚೆಯೇ "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕ್ಬಿಡೋಣ" ಅಂದರು. ಒಪ್ಪಲು ಮನಸ್ಸಾಗಲಿಲ್ಲ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಅದೇ ಸೆನ್ಸರ್ 0.9 ವೋಲ್ಟ್ ತೋರಿಸುತ್ತದೆ, ಬಿಟ್ಟರೆ 0.1ಕ್ಕೆ ಬರುತ್ತದೆ. ಅಂದರೆ ಪೆಟ್ರೋಲ್ ಜಾಸ್ತಿ, ಕಮ್ಮಿ ಆದದ್ದನ್ನು ಸರಿಯಾಗೇ ಹೇಳ್ತಿದೆ. ಸುಮ್ನೆ ಯಾಕೆ ದುಡ್ಡು ಸುರಿಯೋದು?

ಪಿಸಿವಿ ಪೈಪು (ಎಂಜಿನ್ ಒಳಗಿನ ಹೊಗೆಯನ್ನು ಮತ್ತೆ ಗಾಳಿ ಎಳೆಯುವ ದಾರಿಗೆ ಒಯ್ಯುವ ಪೈಪು) ಬಾಗುವ ಕಡೆ ರಬ್ಬರ್ ಗಟ್ಟಿಯಾಗಿ ಕೂದಲಿನಷ್ಟು ಸೀಳು ಬಿಟ್ಟಿದೆ. ಬೆರಳಿಂದ ಒತ್ತಿ ಹಿಡಿದರೆ ನಡುಕ ಸ್ವಲ್ಪ ಕಮ್ಮಿ, ಪೂರ್ತಿ ಹೋಗಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಗ್ಯಾಸ್ಕೆಟ್ಟೂ ಲೀಕ್ ಇರಬಹುದಾ? ಬಟವಾಡಿ, ಅಂತರಸನಹಳ್ಳಿ ಕಡೆ ಸ್ಮೋಕ್ ಟೆಸ್ಟ್ (ಹೊಗೆ ಬಿಟ್ಟು ಲೀಕ್ ಹುಡುಕುವುದು) ಮಾಡುವ ಗ್ಯಾರೇಜ್ ಗೊತ್ತಿದ್ದರೆ ತಿಳಿಸಿ. ಬೆಂಗಳೂರಿಗೆ ಹೋಗಿ ಅಂತ ಮಾತ್ರ ಹೇಳಬೇಡಿ!