ಮಾಗಡಿ, ಕನಕಪುರ, ಚನ್ನಪಟ್ಟಣ: ಬೆಂಗಳೂರಿನ ನಕ್ಷೆಯಲ್ಲಿ ನಮ್ಮ ಪಾಲೆಷ್ಟು?

ಸಾವನದುರ್ಗ_ಸೀಮೆ: ಬೆಂಗಳೂರಿನ ಸುತ್ತಲಿನ ಸುಮಾರು 8,000 ಚದರ ಕಿ.ಮೀ. ಪ್ರದೇಶಕ್ಕೆ ಒಟ್ಟಿಗೆ ಯೋಜನೆ ಮಾಡಲಿ ಎಂದು 1985ರ ಕಾಯ್ದೆಯಲ್ಲಿ ಬಿಎಂಆರ್‌ಡಿಎ (ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಹುಟ್ಟಿತು. ಮಾಗಡಿಯಿಂದ ಬೆಂಗಳೂರಿಗೆ ಬಸ್ಸಿಗೇನೂ ಬರ ಇಲ್ಲ. ಪಕ್ಕದ ಕನಕಪುರಕ್ಕೆ ಹೋಗಬೇಕಾದರೆ ಎಷ್ಟೋ ಸಲ ರಾಮನಗರದಲ್ಲಿ ಇಳಿದು ಇನ್ನೊಂದು ಬಸ್ಸು ಹುಡುಕಬೇಕು. ಎರಡೂ ಊರಿಗೆ ಇವತ್ತಿಗೂ ರೈಲಿಲ್ಲ. ನಮ್ಮೂರುಗಳನ್ನು ಒಂದಕ್ಕೊಂದು ಜೋಡಿಸದೆ, ಎಲ್ಲವನ್ನೂ ಬೆಂಗಳೂರಿಗೆ ಮಾತ್ರ ಜೋಡಿಸಿದರೆ ಅದೆಂಥ ಪ್ರಾದೇಶಿಕ ಯೋಜನೆ?

ನಕಾಶೆ_ನಾಗ: ಬಸ್ಸು, ರೈಲು ಓಡಿಸೋದು ಯೋಜನಾ ಪ್ರಾಧಿಕಾರದ ಕೆಲಸ ಅಲ್ಲ. ಎಲ್ಲಿ ಮನೆ ಬರಬೇಕು, ಎಲ್ಲಿ ಹೊಲ ಉಳಿಯಬೇಕು ಅಂತ ಗೆರೆ ಎಳೆಯೋದು, ಲೇಔಟಿಗೆ ಒಪ್ಪಿಗೆ ಕೊಡೋದು ಅದರ ಕೆಲಸ. ಆ ಗೆರೆಯೂ ಬೇಡ ಅಂದರೆ ತಿಪ್ಪಗೊಂಡನಹಳ್ಳಿ ಜಲಾಶಯ ನೋಡಿ, ನಿಮ್ಮ ತಾಲ್ಲೂಕಿನದೇ. 1933ರಲ್ಲಿ ಕಟ್ಟಿದ್ದು, ಅರ್ಕಾವತಿ ನೀರು. ಮೇಲ್ಗಡೆ ಕೊಳವೆಬಾವಿ, ನೀಲಗಿರಿ, ಲೇಔಟ್ ಜಾಸ್ತಿಯಾಗಿ ಹೊಳೆಯೇ ಬತ್ತಿತು. ಜಲಾನಯನ ಉಳಿಸಲು ಸರ್ಕಾರದ ಆದೇಶ ಬಂದಿದ್ದು 2003ರಲ್ಲಿ. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು.

ರಾಗಿಹೊಲ: ನಾಗಣ್ಣ, ಗೆರೆ ಬೇಡ ಅಂತ ಯಾರೂ ಹೇಳಲಿಲ್ಲ. ನಕ್ಷೆಯಲ್ಲಿ ರಸ್ತೆಯ ಆ ಕಡೆ ಹಳದಿ, ಅಂದರೆ ಮನೆ ಕಟ್ಟಬಹುದು; ಈ ಕಡೆ ಹಸಿರು, ಅಂದರೆ ಹೊಲವಾಗಿಯೇ ಇರಬೇಕು. ಮಣ್ಣು ಒಂದೇ, ಮಳೆ ಒಂದೇ. ಆ ಕಡೆಯವರು ಸೈಟು ಮಾಡಿ ಮಾರಿ ಕಾರು ತಂದರು. ನಾನು ಇನ್ನೂ ಕಾಡುಹಂದಿ ಕಾಯುತ್ತಾ ರಾಗಿ ಬೆಳೀತಿದ್ದೀನಿ. ಬೆಂಗಳೂರಿಗೆ ಹಸಿರು ಬೇಕಾದರೆ ಅದರ ಖರ್ಚು ನನ್ನೊಬ್ಬನ ತಲೆ ಮೇಲೆ ಯಾಕೆ?

ನಕಾಶೆ_ನಾಗ: ಈ ಮಾತು ಒಪ್ಪುತ್ತೇನೆ. ಹಸಿರು ಪಟ್ಟಿ ಉಳಿಸಿದವರಿಗೆ ಏನಾದರೂ ಕೊಡಲೇಬೇಕು. ಆದರೆ ಅದಕ್ಕಾಗಿ ಪಟ್ಟಿಯನ್ನೇ ತೆಗೆಯಿರಿ ಅಂದರೆ ಲಾಭ ಆಗೋದು ದಲ್ಲಾಳಿಗೆ.

ಗೂಡು_ಮಾರ್ಕೆಟ್: ರಾಮನಗರದ ಕಡೆಯಿಂದ ಒಂದು ಮಾತು. ಇಲ್ಲಿ ಎಷ್ಟೋ ಕಡೆ ರೇಷ್ಮೆ ನೂಲು ತೆಗೆಯೋದು ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ. ಮುಂದೆ ಜಗುಲಿ, ಹಿಂದೆ ಗೂಡು ಬೇಯಿಸುವ ಒಲೆ, ಬೀದಿ ತುಂಬ ಬೆಂದ ಹುಳುವಿನ ವಾಸನೆ. ಚನ್ನಪಟ್ಟಣದಲ್ಲೂ ಅಷ್ಟೇ, ಮನೆಯಲ್ಲೇ ಆಲೆ ಮರ ಕಡೆದು ಅರಗಿನ ಬಣ್ಣ ಹಚ್ಚುತ್ತಾರೆ. ನಕ್ಷೆಯಲ್ಲಿ ವಸತಿಗೊಂದು ಬಣ್ಣ, ಕೈಗಾರಿಕೆಗೆ ಇನ್ನೊಂದು ಬಣ್ಣ. ಇವರು ಯಾವ ಬಣ್ಣದಲ್ಲಿ ಕೂರಬೇಕು? ಬೆಂಗಳೂರಿನ ಬಡಾವಣೆಯ ಅಳತೆಕೋಲು ತಂದು ಇಲ್ಲಿ ಹಿಡಿದರೆ ಹೀಗೇ ಆಗೋದು.

ಚನ್ನಪಟ್ಟಣದವಳು: ಹೌದು ರೀ. ಬೊಂಬೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಫೋಟೋಗೆ ಮಂತ್ರಿಗಳೂ ಬರುತ್ತಾರೆ. ಮರದ ದಾಸ್ತಾನಿಗೆ ಜಾಗ ಕೇಳಿದರೆ ಮಾತ್ರ ಸದ್ದಿಲ್ಲ.

ಹೈವೇ_ಹುಡುಗ: ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಮರೆತೇಬಿಟ್ರಾ? ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಕನಕಪುರ, ರಾಮನಗರ, ಮಾಗಡಿ ಎಲ್ಲ ಒಂದೇ ಸುತ್ತಿನಲ್ಲಿ. ಮೊದಲನೇ ಕಾಮೆಂಟಿಗೆ ಇದೇ ಉತ್ತರ ಅಲ್ವಾ?

ಸಾವನದುರ್ಗ_ಸೀಮೆ: ಅದು ಲಾರಿಗಳು ಬೆಂಗಳೂರಿನೊಳಗೆ ನುಗ್ಗದಿರಲಿ ಅಂತ ಮಾಡುತ್ತಿರೋ ರಸ್ತೆ ತಮ್ಮಾ. ಊರಿನ ಪಕ್ಕ ಹಾದುಹೋಗುತ್ತೆ, ಊರೊಳಗೆ ಬರಲ್ಲ. ಸಂತೆಗೆ ಹೋಗುವ ಅಜ್ಜಿ ಟೋಲ್ ಗೇಟಿನ ಹತ್ತಿರ ಬಸ್ಸಿಗೆ ಕಾಯ್ತಾಳಾ?

ಕಾನೂನು_ಕಟ್ಟೆ: ಅಸಲು ವಿಷಯಕ್ಕೆ ಬನ್ನಿ. ಸಂವಿಧಾನದ 243ಝಡ್‌ಇ ವಿಧಿ ಪ್ರಕಾರ, ಇಡೀ ಮಹಾನಗರ ಪ್ರದೇಶಕ್ಕೆ ಕರಡು ಅಭಿವೃದ್ಧಿ ಯೋಜನೆ ಮಾಡುವ ಮಹಾನಗರ ಯೋಜನಾ ಸಮಿತಿಯಲ್ಲಿ ಕನಿಷ್ಠ ಮೂರನೇ ಎರಡರಷ್ಟು ಜನ ಚುನಾಯಿತರಿಂದಲೇ ಆರಿಸಿಬರಬೇಕು. ಕೇಳೋಕೆ ಚೆಂದ. ಆದರೆ ನಗರಸಂಸ್ಥೆಗಳಿಗೂ ಪಂಚಾಯಿತಿಗಳಿಗೂ ಸೀಟು ಹಂಚೋದು ಜನಸಂಖ್ಯೆ ನೋಡಿ. ಅಂದಮೇಲೆ ಬೆಂಗಳೂರಿಗೆ ಸಿಂಹಪಾಲು, ನಮ್ಮ ಹಳ್ಳಿಗಳಿಗೆ ಮೂಲೆಯ ಕುರ್ಚಿ. ಕುರ್ಚಿ ಎಣಿಸೋದಕ್ಕಿಂತ, ತಾಲ್ಲೂಕಿನ ನೆಲ-ನೀರಿನ ವಿಷಯಕ್ಕೆ ಆಯಾ ತಾಲ್ಲೂಕಿನ ಪ್ರತಿನಿಧಿಗಳ ಒಪ್ಪಿಗೆ ಕಡ್ಡಾಯ ಮಾಡಬೇಕು.

ನಕಾಶೆ_ನಾಗ: ಕಡ್ಡಾಯ ಮಾಡಿದರೆ ಒಂದು ಕೆಲಸವೂ ಮುಂದಕ್ಕೆ ಹೋಗಲ್ಲ. ಕಸ ಹಾಕುವ ಜಾಗಕ್ಕೆ ಯಾವ ತಾಲ್ಲೂಕು ಒಪ್ಪುತ್ತೆ ಹೇಳಿ?

ಬೈರಮಂಗಲ_ಬಯಲು: ಒಪ್ಪಬಾರದು ಸ್ವಾಮಿ! ವೃಷಭಾವತಿಯಲ್ಲಿ ಬೆಂಗಳೂರಿನ ಕೊಳಚೆ ಹರಿದುಬಂದು ಬಿಡದಿ ಹತ್ತಿರದ ನಮ್ಮ ಬೈರಮಂಗಲ ಕೆರೆಯಲ್ಲಿ ನೊರೆ ಏಳುತ್ತೆ. ಅದಕ್ಕೆ ನಮ್ಮನ್ನು ಯಾರು ಕೇಳಿದ್ದರು? ಈಗ ಅದೇ ಬಿಡದಿ ಸೀಮೆಯಲ್ಲಿ ಟೌನ್‌ಶಿಪ್ ಅಂತ ಸಾವಿರಾರು ಎಕರೆ ಕೇಳುತ್ತಿದ್ದಾರೆ, ರೈತರು ಧರಣಿ ಕೂತಿದ್ದರು. ಮೊದಲು ನೀರು ಶುದ್ಧ ಮಾಡಿ ಕಳಿಸಲಿ, ಆಮೇಲೆ ಜಮೀನಿನ ಮಾತು.

ರಾಗಿಹೊಲ: ನಾಗಣ್ಣ, ಕರಡು ನಕ್ಷೆಗೆ ಆಕ್ಷೇಪಣೆ ಹಾಕೋದು ಹೇಗೆ, ಅದನ್ನಾದರೂ ಹೇಳಿ.

ನಕಾಶೆ_ನಾಗ: ಕರಡು ಪ್ರಕಟವಾದ ಮೇಲೆ ಅವಧಿ ಕೊಡುತ್ತಾರೆ, ಅದರೊಳಗೆ ಲಿಖಿತವಾಗಿ ಕೊಡಿ. ಸರ್ವೆ ನಂಬರ್, ಪಹಣಿ, ಬೆಳೆಯ ಫೋಟೋ ಜೊತೆಗಿಡಿ. ಸುಮ್ನೆ 'ರೈತರಿಗೆ ಅನ್ಯಾಯ' ಅಂತ ಬರೆದರೆ ಸೀಲು ಹೊಡೆದು ಪಕ್ಕಕ್ಕಿಡುತ್ತಾರೆ. ರಸ್ತೆಯ ಎರಡೂ ಕಡೆಯ ಸರ್ವೆ ನಂಬರ್ ಹಾಕಿ, ಬಣ್ಣ ಯಾಕೆ ಬೇರೆ ಅಂತ ಕೇಳಿ. ಒಬ್ಬರೇ ಹೋಗಬೇಡಿ, ಅಕ್ಕಪಕ್ಕದ ಹೊಲದವರ ಸಹಿಯೂ ಇರಲಿ.