ನಿನ್ನೆ ರಾತ್ರಿಯ ಬೆಂಕಿ ಮತ್ತು ತಿರುವಿನ ಬಿಳಿ ಕಾರು

ಮಾವಿನಮರದ ಮನೆ, ಬೆಳಿಗ್ಗೆ 5.48
ದಯವಿಟ್ಟು ಯಾರೂ ಗುಡ್ ಮಾರ್ನಿಂಗ್ ಚಿತ್ರ ಹಾಕಬೇಡಿ. ನಾನು ನಿದ್ದೆ ಮಾಡಿಲ್ಲ. ಖಾಲಿ ಸೈಟಿನ ಮುಳಿಹುಲ್ಲಿಗೆ ಬೆಂಕಿ ಬಿದ್ದಾಗ ಗಂಟೆ ಒಂದೂವರೆ. ಗೋಡೆಯ ಆಚೆ ಒಣಗಿದ ತೆಂಗಿನ ಮಡಲಿನ ರಾಶಿ, ಈಚೆ ನಮ್ಮ ಅಡುಗೆಮನೆ, ಹೊರಗೆ ಎರಡು ಸಿಲಿಂಡರ್. 82 ವರ್ಷದ ಅತ್ತೆಯನ್ನು ಕುರ್ಚಿ ಸಮೇತ ಹೊತ್ತು ರಸ್ತೆಗೆ ತಂದೆವು. ಫೈರ್ ಇಂಜಿನ್ ಬಂತು. ಬಂದು ಎಲ್ಲಿ ನಿಂತಿತು? ಅದೇ ತಿರುವಿನಲ್ಲಿ. ಅದೇ ಬಿಳಿ ಕಾರು. ಆ ಹುಡುಗರು ಪೈಪಿಗೆ ಪೈಪು ಜೋಡಿಸುತ್ತಾ ಓಡಿ ಬರುತ್ತಿದ್ದರು. ನಮ್ಮವರು ಬಾಲ್ಕನಿಯಲ್ಲಿ ನಿಂತು ವಿಡಿಯೋ ಮಾಡುತ್ತಿದ್ದರು. ಯಾರ್ಯಾರು ಅಂತ ನೋಡಿದ್ದೇನೆ.

ತುದಿ ಮನೆ ಶೆಟ್ರು, 6.02
ನಾನು ಮೂರು ವರ್ಷದಿಂದ ಬೊಬ್ಬೆ ಹೊಡೆಯುತ್ತಿದ್ದೇನೆ. ಕೇಳಿದವರು ಯಾರು? ಕಾರು ಯಾರದ್ದು ಅಂತ ಎಲ್ಲರಿಗೂ ಗೊತ್ತುಂಟು. ನಾನು ಹೆಸರು ಹೇಳುವುದಿಲ್ಲ.

ಅಪಾರ್ಟ್‌ಮೆಂಟ್ 2ಎ, 6.09
ಹೆಸರು ಹೇಳದೆಯೇ ಗೊತ್ತಾಯಿತು ಶೆಟ್ರೆ. ನನ್ನ ಪಾರ್ಕಿಂಗ್ ಜಾಗದಲ್ಲಿ ಬಿಲ್ಡರ್ ಜನರೇಟರ್ ಇಟ್ಟಿದ್ದಾನೆ. ಕಾರನ್ನು ತಲೆ ಮೇಲೆ ಇಟ್ಟುಕೊಳ್ಳಲಾ? ನಿಮ್ಮ ಗೇಟಿನ ಮೆಟ್ಟಿಲು ರಸ್ತೆಗೆ ಎರಡಡಿ ಬಂದಿದೆಯಲ್ಲ, ಅದನ್ನು ಅಳೆಯುವುದು ಯಾವಾಗ?

ತುದಿ ಮನೆ ಶೆಟ್ರು, 6.10
ಮೆಟ್ಟಿಲು 1994ರದ್ದು! ಆಗ ನಿಮ್ಮ ಅಪಾರ್ಟ್‌ಮೆಂಟ್ ಇದ್ದಲ್ಲಿ ಗದ್ದೆ ಇತ್ತು.

ಡಿಸೋಜ ಆಂಟಿ, 6.31
101ಕ್ಕೆ ಫೋನ್ ಮಾಡಿದ್ದು ನಾನು. ಗುರುತು ಕೇಳಿದರು. ನಮ್ಮ ಕ್ರಾಸಿಗೆ ಒಂದು ಬೋರ್ಡೂ ಇಲ್ಲ. ಹಳೇ ರೇಷನ್ ಅಂಗಡಿ ಹತ್ತಿರ ಅಂದೆ. ಅದು ಮುಚ್ಚಿ ಎಷ್ಟು ವರ್ಷವಾಯಿತು ಅಂತ ಆಮೇಲೆ ನೆನಪಾಯಿತು. ಪಾಪ, ಒಂದು ಸುತ್ತು ಜಾಸ್ತಿ ಹೊಡೆದಿರಬೇಕು.

ಕಾಮತ್ ಮಾಮ್, 6.40
ಫಾರ್ವರ್ಡ್ ಆಗಿ ಬಂದದ್ದು: 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಗೊಂಡು ಬೆಂಕಿ ಆರಿಸಲು ಹೋದವರೇ ಪ್ರಾಣ ಬಿಟ್ಟರು. ಅವರ ನೆನಪಿಗೇ ಅಗ್ನಿಶಾಮಕ ದಿನ. ಹತ್ತು ಜನರಿಗೆ ಕಳುಹಿಸಿ.

2ಬಿ ಹುಡುಗ, 6.41
ಮಾಮ್, ಇದು ಮಾರ್ಚ್.

ತುದಿ ಮನೆ ಶೆಟ್ರು, 6.55
ನಮ್ಮ ಕಾರು, ನಮ್ಮ ಮೆಟ್ಟಿಲು ಬಿಡಿ. ಸರ್ಕಾರ ಅಗ್ನಿಶಾಮಕಕ್ಕೆ ದುಡ್ಡೇ ಕೊಡುವುದಿಲ್ಲ. ಅದು ಮೂಲ. ಗಾಡಿ ಹಳತು, ಜನ ಕಡಿಮೆ, ತರಬೇತಿ ಇಲ್ಲ.

ಇಳಿಜಾರು ಮನೆ ಭಟ್ರು, 7.20
ತರಬೇತಿ ಇಲ್ಲ ಅನ್ನಬೇಡಿ ಶೆಟ್ರೆ. ನನ್ನ ಅಕ್ಕನ ಮಗ ಅದೇ ಇಲಾಖೆಯಲ್ಲಿದ್ದಾನೆ, ಸ್ವಲ್ಪ ಕೇಳಿ ತಿಳಿದಿದ್ದೇನೆ. ಬೆಂಗಳೂರಿನ ಬನ್ನೇರುಘಟ್ಟದಲ್ಲಿ ಆರ್.ಎ. ಮುಂಡ್ಕೂರ್ ಹೆಸರಿನ ಅಕಾಡೆಮಿಯೇ ಇದೆ. ದುಡ್ಡಿನ ವಿಷಯಕ್ಕೆ ಬಂದರೆ, 2023ರಲ್ಲಿ ಕೇಂದ್ರ ಎಲ್ಲ ರಾಜ್ಯಗಳ ಅಗ್ನಿಶಾಮಕ ಸೇವೆಗೆ ಒಟ್ಟು 5000 ಕೋಟಿಯ ಯೋಜನೆ ತಂದಿತು. ಹೊಸ ಸ್ಟೇಷನ್, ತರಬೇತಿ ಕೇಂದ್ರ, ಉಪಕರಣ ಎಲ್ಲ ಅದರಲ್ಲಿ ಬರುತ್ತದೆ. ಆದರೆ ನಮ್ಮಂಥ ರಾಜ್ಯ ಯೋಜನೆಯ ವೆಚ್ಚದಲ್ಲಿ 25 ಶೇಕಡಾ ತನ್ನ ಬಜೆಟ್‌ನಿಂದ ಹಾಕಬೇಕು. ಆ ಪಾಲು ಸರಿಯಾಗಿ ಬರುತ್ತಿದೆಯಾ ಅಂತ ಕೇಳಿ, ಅದು ನ್ಯಾಯದ ಪ್ರಶ್ನೆ. ಈಗ ನಮ್ಮ ಲೆಕ್ಕ. ಒಂದು ಗಾಡಿಯಲ್ಲಿ ನಾಲ್ಕೈದು ಸಾವಿರ ಲೀಟರ್ ನೀರು. ಜೋರಾಗಿ ಬಿಟ್ಟರೆ ಕೆಲವು ನಿಮಿಷಕ್ಕೆ ಖಾಲಿ. ಒಂದೊಂದು ಹೋಸ್ 15 ಅಥವಾ 30 ಮೀಟರ್. ತಿರುವಿನಿಂದ ಮಾವಿನಮರದ ಮನೆಗೆ ಎಷ್ಟು ದೂರ, ನೀವೇ ನಡೆದು ನೋಡಿ. 90 ಮೀಟರ್ ಏರುವ ಏಣಿ ಗಾಡಿ ಬೆಂಗಳೂರಿಗೆ ಬಂದಿದೆ. ಅದನ್ನು ನಾಳೆಯೇ ಮಂಗಳೂರಿಗೆ ತಂದರೂ ನಮ್ಮ ತಿರುವು ದಾಟುವುದಿಲ್ಲ.

2ಬಿ ಹುಡುಗ, 7.22
ಮುಂಡ್ಕೂರು ಅಂದರೆ ನಮ್ಮ ಕಾರ್ಕಳ ಹತ್ತಿರದ್ದಾ? ಅಬ್ಬಾ!

ಕಾಮತ್ ಮಾಮ್, 7.24
ಹೆಸರು ನಮ್ಮದು, ಅಕಾಡೆಮಿ ಅವರದ್ದು. ಕರಾವಳಿಗೆ ಯಾವಾಗಲೂ ಇದೇ.

ತುದಿ ಮನೆ ಶೆಟ್ರು, 7.26
ಹಾಗಾದರೆ ಕೇಂದ್ರ ಕೊಡುತ್ತದೆ, ರಾಜ್ಯ ನುಂಗುತ್ತದೆ. ನಾನು ಹೇಳಿದ್ದೇ ಅಲ್ವಾ?

ಅಪಾರ್ಟ್‌ಮೆಂಟ್ 2ಎ, 7.27
ಭಟ್ರು ನುಂಗಿದರು ಅಂತ ಎಲ್ಲಿ ಹೇಳಿದರು?

(ಇಲ್ಲಿಂದ 43 ಸಂದೇಶ ಕೇಂದ್ರ ಮತ್ತು ರಾಜ್ಯದ ಮೇಲೆಯೇ. ರಾಜಕೀಯ ಬೇಡ ಅಂತ ಎರಡು ಸಲ ಬರೆದೆ. ಮೂರನೇ ಸಲ ಗುಂಪಿಗೆ ಬೀಗ ಹಾಕುತ್ತೇನೆ. ಅಡ್ಮಿನ್)

ಡಿಸೋಜ ಆಂಟಿ, 8.50
ಕಾರ್ಪೊರೇಷನ್‌ಗೆ ಹೇಳಿದರೆ ಆಗುವುದಿಲ್ವಾ?

ಇಳಿಜಾರು ಮನೆ ಭಟ್ರು, 8.58
ಸಂವಿಧಾನದ 12ನೇ ಪರಿಚ್ಛೇದದಲ್ಲಿ ನಗರಾಡಳಿತದ ಕೆಲಸಗಳ ಪಟ್ಟಿ ಇದೆ, ಅದರಲ್ಲಿ ಅಗ್ನಿಶಾಮಕವೂ ಉಂಟು. ನಮ್ಮಲ್ಲಿ ಅದನ್ನು ನಡೆಸುವುದು ಮಾತ್ರ ರಾಜ್ಯದ ಇಲಾಖೆ. ಹುಲ್ಲು, ಬೋರ್ಡು, ರಸ್ತೆ ಕಾರ್ಪೊರೇಷನ್‌ನದ್ದು. ಕಾರು ನಮ್ಮದು.

ಮಾವಿನಮರದ ಮನೆ, 9.15
ಸಾಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಅಂಗಳದಲ್ಲಿ ಸೇರೋಣ. ಸೈಟಿನವರಿಗೆ ಹುಲ್ಲು ಕೊಯ್ಯಿಸಲು ಪತ್ರ. ತಿರುವಿನಲ್ಲಿ ಕಾರು ನಿಲ್ಲಿಸಬಾರದು ಅಂತ ಹಳದಿ ಗೆರೆ. ಕದ್ರಿಯದ್ದೋ ಪಾಂಡೇಶ್ವರದ್ದೋ ಸ್ಟೇಷನ್‌ನವರನ್ನು ಕರೆದು ಸಿಲಿಂಡರ್ ಬೆಂಕಿ ಆರಿಸುವುದು ತೋರಿಸಿಕೊಳ್ಳೋಣ. ಬರುವವರು ಕೈ ಎತ್ತಿ.

ಕಾಮತ್ ಮಾಮ್, 9.18
ಭಾನುವಾರ ಮೂಡುಬಿದಿರೆಯಲ್ಲಿ ಮದುವೆ.

2ಬಿ ಹುಡುಗ, 9.19
ಪರೀಕ್ಷೆ.

ತುದಿ ಮನೆ ಶೆಟ್ರು, 9.25
ಬರುತ್ತೇನೆ. ಆದರೆ ಹಳದಿ ಗೆರೆ ಮೆಟ್ಟಿಲಿನಿಂದ ಅಳೆಯಬಾರದು.

ಅಪಾರ್ಟ್‌ಮೆಂಟ್ 2ಎ, 9.26
ಹಾಗಾದರೆ ನಾನು ಬರುವುದಿಲ್ಲ.

ಡಿಸೋಜ ಆಂಟಿ, 11.05
ಯಾರ ಮನೆಯಲ್ಲಾದರೂ ಇವತ್ತು ನೀರು ಬಂತಾ?

ಅಪಾರ್ಟ್‌ಮೆಂಟ್ 2ಎ, 11.06
ಇಲ್ಲ. ತುಂಬೆ ಡ್ಯಾಮಿನಲ್ಲಿ ನೀರಿನ ಮಟ್ಟ ಇಳಿದಿರಬೇಕು. ದಿನ ಬಿಟ್ಟು ದಿನ ಕೊಡುವುದು ಶುರುವಾಯಿತಾ ಎಂತ?

ತುದಿ ಮನೆ ಶೆಟ್ರು, 11.08
ನಾನು ಮೂರು ವರ್ಷದಿಂದ ಹೇಳುತ್ತಿದ್ದೇನೆ, ಒಂದು ಸಾಮೂಹಿಕ ಬಾವಿ ಬೇಕು ಅಂತ. ಭಾನುವಾರದ ಮೀಟಿಂಗ್ ಅದಕ್ಕೇ ಮಾಡೋಣ. ಈಗ ಟ್ಯಾಂಕರ್ ಯಾರ್ಯಾರಿಗೆ ಬೇಕು?

(ಒಂಬತ್ತು ಕೈ. ಬೆಳಿಗ್ಗೆಯಿಂದ ಇಷ್ಟು ಬಂದದ್ದು ಇದೇ ಮೊದಲು. ಅಡ್ಮಿನ್)

ಮಾವಿನಮರದ ಮನೆ, 11.40
ಮತ್ತೆ ಹುಲ್ಲಿನ ಪತ್ರ?

ಡಿಸೋಜ ಆಂಟಿ, ಮಧ್ಯಾಹ್ನ 1.12
ಟ್ಯಾಂಕರ್ ತಿರುವಿನಲ್ಲಿ ನಿಂತಿದೆ. ಹಾರ್ನ್ ಹೊಡೆಯುತ್ತಿದ್ದಾನೆ. ಬಿಳಿ ಕಾರು ಸ್ವಲ್ಪ ತೆಗೆಯುತ್ತೀರಾ?

ಅಪಾರ್ಟ್‌ಮೆಂಟ್ 2ಎ, 1.13
ಕೀ ಹುಡುಕುತ್ತಿದ್ದೇನೆ ಆಂಟಿ. ಎರಡೇ ನಿಮಿಷ.